ಒಂದೇ ಮಾರವ್ವ, ಎರಡು ಹರಕೆ

ಸ್ವಾಮಿ ಮಾಂಸ ಬಿಟ್ಟಿದ್ದಾನೆ ಎಂಬುದು ಮನೆಯವರಿಗೆ ತಿಳಿಯಬೇಕಾದರೆ ಶ್ರಾವಣ ಮುಗಿಯಬೇಕಾಯಿತು.

ಕಾರ್ಗಿಲ್ ಯುದ್ಧ ನಿಂತ ಮೇಲೆ ಅವನು ಕೆಲವು ವಾರ ಮಿಲಿಟರಿ ಆಸ್ಪತ್ರೆಯಲ್ಲಿದ್ದು, ತೊಡೆಗೆ ಹೊಕ್ಕಿದ್ದ ಗುಂಡಿನ ಚೂರು ತೆಗೆಸಿಕೊಂಡು, ಉದ್ದನೆಯ ರಜೆಯ ಮೇಲೆ ಗುರುಪುರಕ್ಕೆ ಬಂದಿದ್ದ. ಅವನು ಬಸ್ಸಿಳಿದಾಗ ಊರೆಲ್ಲ ಶ್ರಾವಣ ಹಿಡಿದಿತ್ತು. ಯಾರ ಮನೆಯಲ್ಲೂ ಮಾಂಸದ ಅಡುಗೆಯಿಲ್ಲ. ಬೆಳಿಗ್ಗೆ ರೊಟ್ಟಿ, ಮಧ್ಯಾಹ್ನ ಮುದ್ದೆ ಉಪ್ಸಾರು, ರಾತ್ರಿ ಅನ್ನ ಹುರುಳಿ ಸಾರು. ಹಾಕಿದ್ದನ್ನು ತಲೆ ತಗ್ಗಿಸಿ ಉಣ್ಣುತ್ತಿದ್ದ. ಉಂಡು ಎದ್ದವನು ಕುಂಟುತ್ತಲೇ ಹೊಗೆಸೊಪ್ಪು ಹದ ಮಾಡುವ ಬ್ಯಾರನ್ನಿನ ಕಡೆ ಹೋಗಿ, ಅಪ್ಪನ ಜೊತೆ ಒಲೆಯ ಬಾಯಿಗೆ ಸೌದೆ ತಳ್ಳುತ್ತ ಕೂರುತ್ತಿದ್ದ. ಆ ಬಿಸಿ ಕಾಲಿಗೆ ಹಿತ ಎನ್ನುತ್ತಿದ್ದ. ಅವನ ತಾಯಿ ರಾಮಮ್ಮನಿಗೆ ಅಷ್ಟೇ ಸಾಕಿತ್ತು. ಮಗ ಕಣ್ಣೆದುರಿಗಿದ್ದ, ತುಂಬು ಬಸುರಿ ಸೊಸೆ ಸುಧಾಳ ಮುಖದಲ್ಲಿ ನಗು ಮರಳಿತ್ತು. ಇನ್ನು ಉಳಿದದ್ದು ಹರಕೆ ಒಂದೇ.

ಯುದ್ಧದ ದಿನಗಳಲ್ಲಿ ರಾಮಮ್ಮ ಪಟ್ಟ ಪಾಡು ಊರಿಗೇ ಗೊತ್ತಿತ್ತು. ಪಕ್ಕದ ಮನೆಯ ಹುಚ್ಚಯ್ಯನ ಟಿವಿಯಲ್ಲಿ ಬಾವುಟ ಹೊದಿಸಿದ ಪೆಟ್ಟಿಗೆಗಳನ್ನು ವಿಮಾನದಿಂದ ಇಳಿಸುವುದನ್ನು ಕಂಡ ಸಂಜೆ ಅವಳು ತಲೆಯ ಮೇಲೆ ತಣ್ಣೀರು ಸುರಿದುಕೊಂಡು, ಒದ್ದೆ ಸೀರೆಯಲ್ಲೇ ಮಾರವ್ವನ ಗುಡಿಗೆ ಹೋಗಿ ಕಂಬ ಹಿಡಿದುಕೊಂಡು ನಿಂತಿದ್ದಳು. ಮಗ ಜೀವಸಹಿತ ಬಂದರೆ ಅವನ ಕೈಯಿಂದಲೇ ಹೋತ ಕೊಡಿಸುತ್ತೇನೆ ಎಂದು ಹೇಳಿಕೊಂಡಿದ್ದಳು. ಮಾರನೆಯ ದಿನವೇ ಕೊಟ್ಟಿಗೆಯ ಮೇಕೆಗಳಲ್ಲಿ ಮೈಯೆಲ್ಲ ಕರಿಯದಾದ ಹೋತವೊಂದನ್ನು ಬೇರೆ ಕಟ್ಟಿದಳು. ಅಲ್ಲಿಂದಾಚೆ ಹಲಸಿನ ಸೊಪ್ಪು, ಹುರುಳಿ ನುಚ್ಚು, ಮುದ್ದೆ ಪಾತ್ರೆಯ ತಳದ ಸೀಕಲು, ಎಲ್ಲ ಅದಕ್ಕೇ ಮೊದಲು. ಗಂಡ ಮಂಚಯ್ಯ, ಈ ಮನೆಯಲ್ಲಿ ಹೊತ್ತೊತ್ತಿಗೆ ಉಣ್ಣುವುದು ಆ ಹೋತ ಒಂದೇ ಎಂದು ಗೊಣಗುತ್ತಿದ್ದ. ಗೊಣಗುತ್ತಲೇ ಸಂಜೆ ಅದಕ್ಕೊಂದು ಹೊರೆ ಸೊಪ್ಪು ತರುತ್ತಿದ್ದ.

ಗೌರಿ ಗಣೇಶ ಕಳೆಯಿತು. ಮಂಚಯ್ಯ ಹಿತ್ತಲಿನ ನಾಟಿ ಕೋಳಿ ಹಿಡಿದು ಕೊಯ್ದ. ರಾಮಮ್ಮ ಒರಳುಕಲ್ಲಿನಲ್ಲಿ ಖಾರ ರುಬ್ಬಿ ಮಗನಿಗೆ ಇಷ್ಟವೆಂದು ಕಾಯಿ ಜಾಸ್ತಿ ಹಾಕಿದಳು. ಸುಧಾ ಮುದ್ದೆ ಕಟ್ಟಿ ತಂದಿಟ್ಟಳು. ಸಾರಿನ ಸೌಟು ತಟ್ಟೆಯ ಹತ್ತಿರ ಬಂದಾಗ ಸ್ವಾಮಿ ಅಂಗೈ ಅಡ್ಡ ಹಿಡಿದ.

"ನಂಗೆ ಬ್ಯಾಡ ಅವ್ವ. ಮೊಸರಿದ್ರೆ ಹಾಕು."

ಆಸ್ಪತ್ರೆಯ ಪಥ್ಯ ಇರಬೇಕು ಎಂದುಕೊಂಡಳು ರಾಮಮ್ಮ. ಎಷ್ಟು ದಿವಸದ ಪಥ್ಯ ಎಂದು ಕೇಳಿದಳು. ಪಥ್ಯವಲ್ಲ, ಬಿಟ್ಟಿದ್ದೇನೆ ಎಂದ ಅವನು. ಮಂಚಯ್ಯ ಕೋಳಿಯ ತೊಡೆ ಬಾಯಿಗಿಟ್ಟವನು ಹಾಗೇ ಮಗನನ್ನು ನೋಡಿದ. ಪೌಜಿಗೆ ಹೋದವರು ಕುಡಿಯುವುದನ್ನು ಕಲಿತು ಬರುತ್ತಾರೆ, ನನ್ನ ಮಗ ತಿನ್ನುವುದನ್ನು ಬಿಟ್ಟು ಬಂದನಲ್ಲ ಎಂದು ನಕ್ಕ. ನಗು ಅವನೊಬ್ಬನದೇ ಆಯಿತು.

ರಾಮಮ್ಮ ಮೊಸರು ಹಾಕಿದಳು. ತಿನ್ನದಿದ್ದರೆ ಬೇಡ, ಮುಂದಿನ ಮಂಗಳವಾರ ಮಾರವ್ವನ ಹರಕೆ ತೀರಿಸಿದ ಮೇಲೆ ಪ್ರಸಾದ ಅಂತ ಒಂದು ಚೂರು ಬಾಯಿಗೆ ಹಾಕಿಕೊಂಡರೆ ಸಾಕು ಎಂದಳು. ಕಂಪಲಾಪುರದ ತನ್ನ ಅಣ್ಣನ ಮನೆಗೂ ಹೇಳಿ ಕಳಿಸಿದ್ದಾಗಿದೆ, ಸ್ವಾಮಿ ಹೋತದ ತಲೆಗೆ ನೀರು ಹಾಕಿ ಒಪ್ಪಿಸಿದರೆ ಮುಂದಿನದನ್ನು ಅಂಕಯ್ಯ ನೋಡಿಕೊಳ್ಳುತ್ತಾನೆ ಎಂದಳು. ಅಂಕಯ್ಯ ಮಾರವ್ವನ ಗುಡಿಯ ಪೂಜಾರಿ.

ಸ್ವಾಮಿ ಉಣ್ಣುವುದನ್ನು ನಿಲ್ಲಿಸಿದ.

"ಅದು ಆಗಾಕಿಲ್ಲ ಅವ್ವ. ನಾನೂ ಒಂದು ಹರಕೆ ಕಟ್ಕಂಡಿವ್ನಿ. ನನ್ನ ಜೀವಕ್ಕೆ ಅಂತ ಇನ್ನೊಂದು ಜೀವ ತೆಗೆಸಾಕಿಲ್ಲ ಅಂತ."

"ಯಾವ ದೇವ್ರಿಗೆ ಕಟ್ಕಂಡೆ?"

"ನಮ್ ಮಾರವ್ವಂಗೇ."

ಮಂಚಯ್ಯ ಬೆರಳು ನೆಕ್ಕಿ, "ಒಬ್ಬಳೇ ದ್ಯಾವ್ರು. ತಾಯಿ ಕೊಡ್ತೀನಿ ಅಂದವ್ಳೆ, ಮಗ ಕೊಡಾಕಿಲ್ಲ ಅಂದವ್ನೆ. ಆ ಯಮ್ಮ ಯಾರ ಮಾತು ಕೇಳಿ ಇವನನ್ನ ಉಳಿಸಿದ್ಲೋ," ಎಂದ.

ಆ ಮಾತು ರಾಮಮ್ಮನ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತು.

ಮಂಗಳವಾರ ಹತ್ತಿರವಾದಂತೆ ಮನೆಯಲ್ಲಿ ದಿನಕ್ಕೊಂದು ಜಗಳ. ಹೊಗೆಸೊಪ್ಪಿನ ಗ್ರೇಡಿಂಗ್ ನಡೆದಿತ್ತು. ಹಜಾರದ ತುಂಬ ಹೊಂಬಣ್ಣದ ಎಲೆ ಹರಡಿಕೊಂಡು ನಾಲ್ವರೂ ಕೂತು ಬಣ್ಣ ನೋಡಿ ಬೇರೆ ಮಾಡಬೇಕು. ಕೈ ಎಲೆಯ ಮೇಲೆ ಆಡುತ್ತಿದ್ದರೆ ಬಾಯಿ ಹರಕೆಯ ಮೇಲೆ ಆಡುತ್ತಿತ್ತು. ದೇವರಿಗೆ ಕೊಟ್ಟ ಮಾತು ತಪ್ಪಿದರೆ ಯಾರ ಮೇಲೆ ಬರುತ್ತದೋ, ಸೊಸೆಯ ಹೊಟ್ಟೆಯಲ್ಲಿ ಕೂಸಿದೆ ಎಂದು ರಾಮಮ್ಮ ಹೇಳಿದಳು. ಅದನ್ನು ಸುಧಾಳ ಮುಂದೆಯೇ ಹೇಳಬೇಡ ಎಂದ ಮಂಚಯ್ಯ. ಹೇಳಿದ ಮೇಲೆ ರಾಮಮ್ಮನಿಗೇ ಅಳು ಬಂತು. ಬಂದೂಕು ಹಿಡಿಯುವ ಕೈಗೆ ಒಂದು ಹೋತ ಹೆಚ್ಚಾಯಿತೇನೋ ಎಂದು ಅಪ್ಪ ಮಗನನ್ನು ಕೆಣಕಿದ.

"ಅದು ಕೆಲಸ ಅಪ್ಪ. ಮತ್ತೆ ಕರುದ್ರೆ ಓಗ್ತೀನಿ, ಮಾಡ್ತೀನಿ. ಇದು ನಂಗೋಸ್ಕರ ಕೇಳಿದ್ದು," ಎಂದು ಸ್ವಾಮಿ ಕೋಲು ಊರಿಕೊಂಡು ಎದ್ದು ಹೋದ.

ಹರಕೆಯ ಮಂಗಳವಾರ ಬಂತು, ಹೋಯಿತು. ಸೊಸೆಗೆ ಮೈ ಹುಷಾರಿಲ್ಲ ಎಂದು ಕಂಪಲಾಪುರದವರಿಗೆ ಸುಳ್ಳು ಹೇಳಿಸಿ ಮುಂದಿನ ವಾರಕ್ಕೆ ಹಾಕಿದಳು ರಾಮಮ್ಮ. ಸುಳ್ಳು ನಿಜವಾದೀತೆಂದು ಹೆದರಿ ಸುಧಾಳನ್ನು ನೀರು ಸೇದಲೂ ಬಿಡಲಿಲ್ಲ. ಅವಳು ಅತ್ತೆಯ ಹಿಂದೆ ಹಿಂದೆಯೇ ಓಡಾಡಿ, ತನಗೇನೂ ಆಗಿಲ್ಲವೆಂದು ಪಾತ್ರೆ ಕಿತ್ತುಕೊಂಡು ತೊಳೆಯುತ್ತಿದ್ದಳು. ಒಂದು ದಿನ ಪಾತ್ರೆ ತೊಳೆಯುತ್ತಲೇ, ನೀವು ಅವರನ್ನು ಯಾಕೆ ಅಂತ ಒಂದು ಸಲವೂ ಕೇಳಲಿಲ್ಲವಲ್ಲ ಅತ್ತೆ ಎಂದಳು. ನಾನು ಕೇಳಿದೆ, ನನಗೆ ಹೇಳಲಿಲ್ಲ. ನಿಮಗೆ ಹೇಳಬಹುದು ಎಂದಳು. ರಾಮಮ್ಮ ಬೂದಿ ತೆಗೆಯುವ ನೆವದಲ್ಲಿ ಒಲೆಯ ಕಡೆ ತಿರುಗಿಕೊಂಡಳು.

ಇಷ್ಟರಲ್ಲಿ ಇನ್ನೊಂದು ಸುದ್ದಿ ಬಂತು. ಮಧ್ಯಾಹ್ನದ ಊಟವಾದೊಡನೆ ಸ್ವಾಮಿ ಹುಚ್ಚಯ್ಯನ ಲೂನಾ ಇಸಕೊಂಡು ಎಲ್ಲಿಗೋ ಹೋಗುತ್ತಿದ್ದ. ಹುಣಸೂರಿಗೆ, ಡ್ರೆಸ್ಸಿಂಗ್ ಮಾಡಿಸಲು ಇರಬಹುದೆಂದು ಮನೆಯವರು ತಿಳಿದಿದ್ದರು. ಹುಚ್ಚಯ್ಯ ಬೇರೆ ಹೇಳಿದ. ಅವನನ್ನು ಟಿಬೆಟ್ ಕ್ಯಾಂಪಿನಲ್ಲಿ ಕಂಡೆ, ಲಾಮಾಗಳ ಗುಡಿಯ ಮುಂದೆ ಗಿರಗಿರ ತಿರುಗುವ ಆ ಹಿತ್ತಾಳೆ ಡಬ್ಬಗಳನ್ನು ಕೈಯಲ್ಲಿ ತಿರುಗಿಸುತ್ತ ಹೋಗುತ್ತಿದ್ದ ಎಂದ. ಮಾಂಸ ಬಿಟ್ಟದ್ದೂ ಅದಕ್ಕೇ ಇರಬೇಕು, ಜಾತಿ ಬಿಟ್ಟಾನು, ಹುಷಾರು ಎಂದೂ ಸೇರಿಸಿದ.

ರಾಮಮ್ಮ ಸೆರಗು ಸಿಕ್ಕಿಸಿಕೊಂಡು ಹೊರಟಳು. ಕ್ಯಾಂಪು ಅವಳಿಗೆ ಹೊಸದಲ್ಲ. ಹರೆಯದಲ್ಲಿ ಅವರ ಮುಸುಕಿನ ಜೋಳ ಮುರಿಯಲು ಕೂಲಿಗೆ ಹೋದವಳು. ಮುರಿದು ಹಾಕಿದ ತೆನೆಗಳ ರಾಶಿ ದಾಟಿ, ಬಣ್ಣದ ಬಾವುಟ ಕಟ್ಟಿದ ಮನೆಗಳ ಸಾಲಿನಲ್ಲಿ ಲೂನಾ ನಿಂತಿದ್ದ ಮನೆ ಹುಡುಕಿದಳು. ಅದು ದೊಂಡುಪ್ ಎಂಬ ಮುದುಕನ ಮನೆ. ಊರವರ ಬಾಯಲ್ಲಿ ಅವನು ದುಂಡಪ್ಪ. ಪೌಜಿನಲ್ಲಿದ್ದು ಪಿಂಚಣಿ ತೆಗೆದುಕೊಂಡವನು; ಹಿಂದಿನ ಯುದ್ಧ ನೋಡಿದವನು.

ಜಗಲಿಯ ಹತ್ತಿರ ಬಂದಾಗ ಒಳಗಿಂದ ನಗು ಕೇಳಿಸಿತು. ಹಿಂದಿಯಲ್ಲಿ ಏನೋ ಹೇಳುತ್ತ ಇಬ್ಬರು ನಗುತ್ತಿದ್ದರು. ಅದರಲ್ಲೊಂದು ನಗು ಅವಳ ಮಗನದು. ರಜೆಗೆ ಬಂದಾಗಿನಿಂದ ಅವನು ಹಾಗೆ ನಕ್ಕದ್ದನ್ನು ಅವಳು ಕೇಳಿರಲಿಲ್ಲ. ಬೈಯಲು ಸಿದ್ಧ ಮಾಡಿಕೊಂಡು ಬಂದಿದ್ದ ಮಾತೆಲ್ಲ ಬಿಟ್ಟು ಅವಳು ಜಗಲಿ ಹತ್ತಿದಳು.

ದುಂಡಪ್ಪನ ಹೆಂಡತಿ ಅವಳನ್ನು ಕೈ ಹಿಡಿದು ಒಳಗೆ ಕೂರಿಸಿ ಉಪ್ಪು ಬೆಣ್ಣೆ ಹಾಕಿದ ಟೀ ಕೊಟ್ಟಳು. ರಾಮಮ್ಮ ಒಂದು ಗುಟುಕು ಕುಡಿದು ಉಳಿದದ್ದನ್ನು ಮರ್ಯಾದೆಗೆ ಕೈಯಲ್ಲೇ ಹಿಡಿದುಕೊಂಡಳು. ಮಗ ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ ಕೂತಿದ್ದ. ಅವನನ್ನು ಬಿಟ್ಟು ಮುದುಕನನ್ನೇ ನೇರ ಕೇಳಿದಳು: ನನ್ನ ಮಗನನ್ನು ನಿಮ್ಮ ದೇವರಿಗೆ ಸೇರಿಸಿಕೊಳ್ಳುತ್ತಿದ್ದೀಯಾ?

ಮುದುಕನಿಗೆ ಮತ್ತೆ ನಗು ಬಂತು. "ಇಲ್ಲ ಅಮ್ಮ. ನಮ್ಮ ದೇವ್ರಿಗೆ ಜನ ತುಂಬ ಇದೆ. ಇವನು ಬರ್ತಾನೆ, ಹಿಂದಿ ಮಾತಾಡ್ತಾನೆ. ಬರ್ಫ್ ವಿಷಯ ಮಾತಾಡ್ತಾನೆ. ಇಲ್ಲಿ ಬೇರೆ ಯಾರು ಬರ್ಫ್ ನೋಡಿದೆ?"

ಬರ್ಫ್ ಎಂದರೆ ಹಿಮ ಎಂದು ಸ್ವಾಮಿ ತಗ್ಗಿದ ದನಿಯಲ್ಲಿ ಹೇಳಿದ. ಆಮೇಲೆ ಮುದುಕ ತನ್ನ ಅರ್ಧಂಬರ್ಧ ಕನ್ನಡದಲ್ಲಿ, ಹೋತದ ಸಂಗತಿ ತನಗೆ ಗೊತ್ತು ಎಂದ. ತಮ್ಮಲ್ಲಿ ಮನೆಯವರಿಗೆ ಕಾಯಿಲೆಯಾದರೆ, ಅಥವಾ ದೂರದ ಅಪಾಯದಿಂದ ಯಾರಾದರೂ ಬದುಕಿ ಬಂದರೆ, ಕಟುಕನ ಕೈಗೆ ಹೋಗಬೇಕಾದ ಪ್ರಾಣಿಯೊಂದನ್ನು ಬಿಡಿಸಿ, ಕಿವಿಗೆ ಬಣ್ಣದ ರಿಬ್ಬನ್ ಕಟ್ಟಿ ಬಿಟ್ಟುಬಿಡುತ್ತಾರಂತೆ. ಅದು ಎಷ್ಟು ದಿನ ಬದುಕುತ್ತದೋ ಆ ಪುಣ್ಯ ಆ ಮನುಷ್ಯನ ಆಯುಸ್ಸಿಗೆ ಸೇರುತ್ತದಂತೆ. ಬಾಗಿಲಾಚೆ ಕೈ ತೋರಿಸಿದ. ಕಿವಿಯಲ್ಲಿ ಕೆಂಪು ರಿಬ್ಬನ್ನಿನ ಮುದಿ ಎತ್ತೊಂದು ಯಾರದೋ ಜೋಳದ ದಂಟು ಮೇಯುತ್ತಿತ್ತು. ತಾನು ಯುದ್ಧದಿಂದ ಬಂದಾಗ ತನ್ನ ತಾಯಿಯೂ ಹಾಗೇ ಒಂದು ಮೇಕೆ ಬಿಟ್ಟಿದ್ದಳು ಎಂದ.

ಹಾಗಾದರೆ ನೀವೂ ಮಾಂಸ ತಿನ್ನುವುದಿಲ್ಲವೇ ಎಂದಳು ರಾಮಮ್ಮ.

"ತಿಂತೀನಿ," ಎಂದ ದುಂಡಪ್ಪ. "ಅದು ಬೇರೆ. ಇದು ಬೇರೆ."

ಆ ಉತ್ತರ ಯಾಕೋ ಅವಳಿಗೆ ಸಮಾಧಾನ ತಂದಿತು. ದೊಡ್ಡ ಮಾತಾಡುವವನಲ್ಲ ಈ ಮುದುಕ ಎನಿಸಿತು. ಕೈಯಲ್ಲಿದ್ದ ಟೀಯನ್ನು ಕಣ್ಣು ಮುಚ್ಚಿ ಕುಡಿದು ಮುಗಿಸಿದಳು.

ಹಿಂತಿರುಗುವಾಗ ಸ್ವಾಮಿ ಲೂನಾ ಹತ್ತಲಿಲ್ಲ. ತಳ್ಳಿಕೊಂಡು ತಾಯಿಯ ಪಕ್ಕದಲ್ಲೇ ನಡೆದ. ರಸ್ತೆಯ ಎರಡೂ ಕಡೆ ಜೋಳದ ಹೊಲ. ಸುಧಾ ಹೇಳಿದ್ದು ರಾಮಮ್ಮನಿಗೆ ನೆನಪಾಯಿತು.

"ಏನಾಯ್ತು ಮಗ ಅಲ್ಲಿ?" ಎಂದಳು.

ಅವನು ಲೂನಾ ತಳ್ಳುತ್ತಲೇ ಹೇಳಲು ಶುರು ಮಾಡಿದ. ಮೊದಲು ಹೇಳಿದ್ದು ತಮ್ಮ ಪಲ್ಟನ್ನಿನ ಗುಡಿಯ ವಿಷಯ. ಬೆಟ್ಟದ ಬುಡದಲ್ಲಿ ಒಂದು ಟೆಂಟು, ಅದರಲ್ಲಿ ಎಲ್ಲರ ದೇವರ ಪಟಗಳೂ ಒಂದೇ ಹಲಗೆಯ ಮೇಲೆ. ಪಲ್ಟನ್ನಿನ ಪಂಡಿತರೆಂದರೆ ವಯಸ್ಸಾದ ಮನುಷ್ಯ. ದಾಳಿಗೆ ಹೊರಟವರ ಜೊತೆ ಬೇಡವೆಂದರೂ ಕೇಳದೆ ಅರ್ಧ ಗುಡ್ಡ ಹತ್ತಿ ಬಂದು, ಒಬ್ಬೊಬ್ಬರ ಹಣೆಗೂ ತಿಲಕ ಇಟ್ಟು, ಹೆಸರು ಹಿಡಿದು ಹರಸಿ ಕಳಿಸಿದರು. ಕೇರಳದ ಕಿರಿಸ್ತಾನದ ಹುಡುಗನೊಬ್ಬ ತಾನೇ ಹಣೆ ಮುಂದೆ ಮಾಡಿದ. ಅವನು ಶಿಲುಬೆಯ ಗುರುತು ಮಾಡಿಕೊಂಡಾಗ ಉಳಿದವರೆಲ್ಲ ಅವನಿಗಾಗಿ ಕೈಮುಗಿದರು. ಯಾವ ದೇವರು ಯಾರದು ಎಂದು ಅಲ್ಲಿ ಯಾರೂ ಕೇಳಲಿಲ್ಲ. ಮೇಲೆ ಹೋದ ಮೇಲೆ, ಊರಲ್ಲಿ ಒಂದು ದಿನವೂ ಗುಡಿ ಮೆಟ್ಟಿಲು ಹತ್ತದವರೂ ಬಾಯಿ ಬಿಡದೆ ತುಟಿ ಆಡಿಸುತ್ತಿದ್ದರು.

ತೊಡೆಗೆ ಚೂರು ಹೊಕ್ಕ ದಿನ ಅವನು ಒಂದು ಬಂಡೆಯ ಮರೆಯಲ್ಲಿ ಬಿದ್ದಿದ್ದ. ಮೇಲಿನಿಂದ ಗುಂಡು ಬರುತ್ತಲೇ ಇದ್ದುದರಿಂದ ಯಾರೂ ಹತ್ತಿರ ಬರುವ ಹಾಗಿರಲಿಲ್ಲ. ಬಂಡೆಯ ಆಚೆ ಮಗ್ಗುಲಲ್ಲಿ ಇನ್ನೊಬ್ಬ ಬಿದ್ದಿದ್ದ. ಆ ಕಡೆಯವನು.

"ನಾನೇ ಒಡೆದಿದ್ದು ಅವ್ವ ಅವನಿಗೆ. ಮುಖಾನೂ ನೋಡ್ನಿಲ್ಲ. ದನಿ ಕೇಳಿದ್ರೆ ಹುಡುಗ. ನಾನು ಮಾರವ್ವ ಮಾರವ್ವ ಅಂತಿದ್ದೆ. ಅವನು ಅವರ ಅಲ್ಲಾನ ಕೂಗೋನು, ಆಮೇಲೆ ಅವರವ್ವನ ಕೂಗೋನು. ಇಬ್ರಿಗೂ ಏಳಾಕೆ ಆಗಾಕಿಲ್ಲ. ನಾನು ಸುಮ್ಕಾದ್ರೆ ಅವನು ಕೂಗೋನು, ಅವನು ಸುಮ್ಕಾದ್ರೆ ನಾನು."

ರಾಮಮ್ಮ ಲೂನಾದ ಹ್ಯಾಂಡಲ್ ಮೇಲಿದ್ದ ಅವನ ಕೈಯ ಮೇಲೆ ಕೈಯಿಟ್ಟಳು.

"ಬೆಳಕು ಅರಿಯೋ ಒತ್ತಿಗೆ ಅವನ ದನಿ ನಿಂತೋಯ್ತು. ನಂಗೆ ಸಂತೋಷ ಆಗ್ಬೇಕಿತ್ತು. ಆಗ್ನಿಲ್ಲ. ಒಬ್ನೇ ಆಗೋದ್ನಲ್ಲ ಅನ್ನುಸ್ತು. ಆಗ ಅಂದ್ಕಂಡೆ, ಮಾರವ್ವ, ನನ್ನ ಜೀವಕ್ಕೆ ಒಂದು ಜೀವ ಆಗ್ಲೇ ತಕಂಡೆ. ಇನ್ನೊಂದು ಕೇಳ್ಬ್ಯಾಡ ಅಂತ."

ಜೋಳದ ಹೊಲ ಮುಗಿದು ಊರಿನ ಮೊದಲ ಬ್ಯಾರನ್ನು ಕಂಡಿತು. ಅಲ್ಲಿ ಸ್ವಾಮಿ ನಿಂತು, ನಿನಗೆ ಅಷ್ಟೊಂದು ಭಯವಾದರೆ ಹರಕೆ ಒಪ್ಪಿಸು ಅವ್ವ, ನಾನು ಬಂದು ಪಕ್ಕದಲ್ಲಿ ನಿಂತುಕೊಳ್ಳುತ್ತೇನೆ, ನೀನು ನಿದ್ದೆಗೆಟ್ಟು ಒದ್ದಾಡುವುದನ್ನು ನೋಡಲಾರೆ ಎಂದ.

"ನೀನು ಸುಮ್ಕೆ ನಡಿ," ಎಂದಳು ರಾಮಮ್ಮ. "ಮಾತು ಕೊಟ್ಟೋಳು ನಾನು. ಮಾರವ್ವನ ತಾವ ಮಾತಾಡೋಳೂ ನಾನೇ."

ಸೋಮವಾರ ಸಂಜೆ ಅವಳು ಅಕ್ಕಿ ನೆನೆಸಿ ಕುಟ್ಟಿದಳು. ಮಂಗಳವಾರ ಬೆಳಿಗ್ಗೆ ಸುಧಾ ಬೆಲ್ಲ ಸೇರಿಸಿ ತಂಬಿಟ್ಟು ಕಲಸಿದಳು. ರಾಮಮ್ಮ ತಂಬಿಟ್ಟಿನ ಉಂಡೆಗೆ ಹೆಬ್ಬೆರಳಿಂದ ಕುಳಿ ಮಾಡಿ ಬತ್ತಿ ಇಟ್ಟು ಆರತಿ ಮಾಡಿದಳು. ಒಂದು ಆಯಿತು. ಸ್ವಲ್ಪ ಹೊತ್ತು ಯೋಚಿಸಿ ಇನ್ನೊಂದು ಮಾಡಿದಳು. ಮನೆಗೆ ಒಂದೇ ಅಲ್ಲವೇ ಅತ್ತೆ ಎಂದು ಸುಧಾ ಕೇಳಿದರೆ, ಹಿಟ್ಟು ಮಿಕ್ಕಿತ್ತು ಎಂದಳು. ಮಂಚಯ್ಯ ದಬ್ಬಳ ಕಾಯಿಸಿ ಹೋತದ ಕಿವಿ ಚುಚ್ಚಿದ. ಸುಧಾ ತನ್ನ ಹಳೆಯ ಸೀರೆಯ ಅಂಚು ಹರಿದು ಅರಿಶಿನದಲ್ಲಿ ಅದ್ದಿ ಕೊಟ್ಟಳು, ಅದನ್ನೇ ಕಿವಿಗೆ ಕಟ್ಟಿದರು. ಕಂಪಲಾಪುರದಿಂದ ಬಂದಿದ್ದ ಅಣ್ಣ, ಊಟಕ್ಕೆ ಕರೆದು ಮೇಕೆಗೆ ಓಲೆ ತೊಡಿಸುತ್ತೀರಲ್ಲ ಎಂದ. ಊಟಕ್ಕೇನು ಕಮ್ಮಿಯಿಲ್ಲ, ಪಾಯಸ ಇದೆ ಎಂದು ಮಂಚಯ್ಯ ಮುಖ ಇಳಿಬಿಟ್ಟುಕೊಂಡೇ ಉತ್ತರ ಕೊಟ್ಟ.

ಗುಡಿಯಲ್ಲಿ ಅಂಕಯ್ಯ ಒಪ್ಪಲಿಲ್ಲ. ಹೇಳಿಕೊಂಡದ್ದು ಒಂದು, ಕೊಡುವುದು ಇನ್ನೊಂದು ಎಂದರೆ ತಾನು ಹೂಂ ಎನ್ನಲು ಬರುವುದಿಲ್ಲ, ಅಮ್ಮನನ್ನೇ ಕೇಳೋಣ ಎಂದ. ನೀರಲ್ಲಿ ಅದ್ದಿದ ಹೂಗಳನ್ನು ಮಾರವ್ವನ ಎರಡೂ ಭುಜಕ್ಕೆ ಅಂಟಿಸಿದ. ಬಲಗಡೆಯದು ಬಿದ್ದರೆ ಅಮ್ಮನ ಒಪ್ಪಿಗೆ, ಎಡಗಡೆಯದಾದರೆ ಇಲ್ಲ.

ಎಲ್ಲರೂ ಕೈಮುಗಿದು ನಿಂತರು. ಹೂ ಬೀಳಲಿಲ್ಲ. ಅಂಕಯ್ಯ ಗಂಟೆ ಬಾರಿಸಿ ಬೇಡಿಕೊಂಡ. ಹೂ ಅಲುಗಲಿಲ್ಲ. ಸ್ವಾಮಿ ಕೋಲಿನ ಮೇಲೆ ಭಾರ ಬಿಟ್ಟ; ಸುಧಾ ಅವನ ತೋಳು ಹಿಡಿದುಕೊಂಡಳು. ಮಂಚಯ್ಯನೂ ಗೊಣಗುವುದನ್ನು ಮರೆತು ದೇವಿಯ ಭುಜವನ್ನೇ ನೋಡುತ್ತಿದ್ದ.

ರಾಮಮ್ಮ ಸೊಸೆಯ ಹೊಟ್ಟೆಯನ್ನೊಮ್ಮೆ, ಮಗನ ಕಾಲನ್ನೊಮ್ಮೆ ನೋಡಿದಳು. ಭಯ ಇರಲಿಲ್ಲವೆಂದಲ್ಲ. ಆದರೂ ಪಕ್ಕದ ಮನೆಯವಳ ಹತ್ತಿರ ಮಾತಾಡುವ ದನಿಯಲ್ಲೇ ಮಾತಾಡಿದಳು.

"ತಾಯಿ, ಕೊಡ್ತೀನಿ ಅಂದೋಳು ನಾನು. ಬ್ಯಾಡ ಅಂದೋನು ನನ್ನ ಮಗ. ಅವನು ನಿನ್ನ ತಾವ ಕೇಳಿದ್ದು ಸಾಯೋ ಒತ್ನಲ್ಲಿ. ನಾನು ಕೇಳಿದ್ದು ಟಿವಿ ನೋಡಿ. ಅವನ ಮಾತೇ ದೊಡ್ಡದು. ಸಿಟ್ಟಿದ್ರೆ ನನ್ನ ಮ್ಯಾಲೆ ಇಟ್ಕೊ. ಆ ಮಕ್ಕಳ ಮ್ಯಾಲೆ ಬ್ಯಾಡ."

ಅಷ್ಟು ಹೇಳಿ ಅವಳು ಹೂವಿಗೆ ಕಾಯಲಿಲ್ಲ. ಹೊರಗೆ ಬಂದು ಬೇವಿನ ಮರಕ್ಕೆ ಕಟ್ಟಿದ್ದ ಹಗ್ಗ ಬಿಚ್ಚಿ, ಹೋತದ ಬೆನ್ನಿಗೆ ಒಂದು ಏಟು ಕೊಟ್ಟಳು. ಅದು ಎಲ್ಲಿಗೂ ಹೋಗಲಿಲ್ಲ. ಎರಡು ಹೆಜ್ಜೆ ಇಟ್ಟು, ಕಂಪಲಾಪುರದ ಅಣ್ಣ ಹಿಡಿದುಕೊಂಡಿದ್ದ ಪೂಜೆಯ ತಟ್ಟೆಗೆ ಬಾಯಿ ಹಾಕಿ ಬಾಳೆಹಣ್ಣು ಎಳೆದುಕೊಂಡಿತು. ಅವನು ತಟ್ಟೆ ಎತ್ತಿ ಹಿಡಿದು ಹಿಂದೆ ಹಿಂದೆ ಸರಿಯುವುದನ್ನು ನೋಡಿ ಸ್ವಾಮಿ ನಕ್ಕುಬಿಟ್ಟ. ಅದೇ ಹೊತ್ತಿಗೆ ಒಳಗಿನಿಂದ ಅಂಕಯ್ಯ, ಹೂ ಆಯಿತು, ಬಲಗಡೆಯದೇ ಆಯಿತು ಎಂದು ಕೂಗಿ ಹೇಳಿದ. ಸುಧಾ ಕಣ್ಣೊರೆಸಿಕೊಂಡಳು.

"ಬೀಳದಿದ್ರೂ ಬುಟ್ಟಾಗಿತ್ತು," ಎಂದಳು ರಾಮಮ್ಮ.

ಆಮೇಲೆ ಒಳಗೆ ಹೋಗಿ ತಂಬಿಟ್ಟಿನ ಆರತಿ ಇಟ್ಟಳು. ಅಂಕಯ್ಯ ಒಂದನ್ನು ಹಚ್ಚಿ ಇನ್ನೊಂದನ್ನು ನೋಡಿ, ಇದು ಯಾರ ಮನೆಯದು ಎಂದು ಕೇಳಿದ. ಹೆಸರು ಹೇಳಿದರೆ ಸೇರಿಸಿ ಪೂಜೆ ಮಾಡುತ್ತೇನೆ ಎಂದ.

"ಇನ್ನೊಬ್ಳು ತಾಯಿದು," ಎಂದಳು ರಾಮಮ್ಮ. "ಅವಳೂ ಏನೋ ಒಂದು ಹರಕೆ ಕಟ್ಕಂಡಿರ್ತಾಳೆ. ಹೆಸ್ರು ನಂಗೊತ್ತಿಲ್ಲ ಕಣಪ್ಪ."

ಅಂಕಯ್ಯನಿಗೆ ಅರ್ಥವಾಗಲಿಲ್ಲ. ಕಡ್ಡಿ ಗೀರಿದವನು ಹಾಗೇ ನಿಂತ, ಕಡ್ಡಿ ಆರಿತು. ಸ್ವಾಮಿ ಕೋಲನ್ನು ಗೋಡೆಗೆ ಒರಗಿಸಿ, ಕುಂಟುತ್ತ ಮುಂದೆ ಬಂದು, ಅವನ ಕೈಯಿಂದ ಬೆಂಕಿಪೊಟ್ಟಣ ತೆಗೆದುಕೊಂಡ. ತಾಯಿಯ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂರಲು ಅವನಿಗೆ ಕಷ್ಟವಾಯಿತು. ಕೂತ. ಒಂದು ಅಂಗೈಯನ್ನು ಗಾಳಿಗೆ ಮರೆ ಮಾಡಿ, ಆ ಆರತಿಯನ್ನು ತಾನೇ ಹಚ್ಚಿದ.